ಮೂರಡಿ ದೂರದಲ್ಲಿ ನಿಂತವರು

ಗೋಲು ಹಾಕಿದವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ಗೋಲು ತಡೆದವರ ಹೆಸರನ್ನು ಯಾರೂ ಕೇಳುವುದಿಲ್ಲ. ನಾವು ತಡೆದವರು. ಅದಕ್ಕೇ ಇದನ್ನು ನಾವೇ ಬರೆಯಬೇಕಾಯಿತು.

ನಾವು ಅಂದರೆ ಮಂಡ್ಯ ಸೀಮೆಯ ಒಂದು ಸರ್ಕಾರಿ ಹೈಸ್ಕೂಲಿನ ಏಳು ಹುಡುಗಿಯರು. 2010ನೇ ಇಸವಿಯಲ್ಲಿ ನಮ್ಮಲ್ಲಿ ಕೆಲವರು ಒಂಬತ್ತನೇ ಕ್ಲಾಸು, ಕೆಲವರು ಹತ್ತನೇ ಕ್ಲಾಸು. ನಮ್ಮ ಪಿ.ಟಿ. ಮೇಷ್ಟ್ರು ಒಂದು ಲೆಕ್ಕ ಹಾಕಿದ್ದರು. ಕಬಡ್ಡಿ, ಖೋ ಖೋ ಅಂದರೆ ತಾಲೂಕಿನ ಎಲ್ಲ ಶಾಲೆಯವರೂ ಬಂದು ಬೀಳುತ್ತಾರೆ. ನೆಟ್‌ಬಾಲ್ ಆಡುವ ಶಾಲೆಗಳು ಬೆರಳೆಣಿಕೆ. ಇದನ್ನು ಕಲಿತರೆ ಹುಡುಗೀರು ಒಂದು ಸಲವಾದರೂ ಜಿಲ್ಲಾ ಮಟ್ಟ ನೋಡುತ್ತಾರೆ, ಒಂದು ಸರ್ಟಿಫಿಕೇಟಾದರೂ ಸಿಗುತ್ತದೆ ಅನ್ನೋದು ಅವರ ಆಸೆ. ಅವರೂ ಆ ಆಟ ಆಡಿದವರಲ್ಲ. ಒಂದು ರೂಲ್ಸ್ ಪುಸ್ತಕ ತಂದಿದ್ದರು. ರಾತ್ರಿ ಅವರು ಓದೋದು, ಬೆಳಿಗ್ಗೆ ನಾವು ಆಡೋದು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ನೂರಡಿ ಉದ್ದ, ಐವತ್ತಡಿ ಅಗಲದ ಅಂಗಳ. ಈಗಿನ ಅಳತೆಯಲ್ಲಿ 30.5 ಮೀಟರ್, 15.25 ಮೀಟರ್. ಅದನ್ನು ಅಡ್ಡಡ್ಡವಾಗಿ ಮೂರು ಪಾಲು ಮಾಡಿರುತ್ತಾರೆ. ಎರಡು ಕೊನೆಯಲ್ಲೂ ಹತ್ತಡಿ ಎತ್ತರದ ಕಂಬ, ಅದರ ತಲೆಗೆ ರಿಂಗು. ಬಾಸ್ಕೆಟ್‌ಬಾಲಿನ ಹಾಗೆ ರಿಂಗಿನ ಹಿಂದೆ ಹಲಗೆ ಇಲ್ಲ. ಕಂಬದ ಮುಂದೆ 4.9 ಮೀಟರಿನ ಅರ್ಧ ವೃತ್ತ, ಅದೇ ಸರ್ಕಲ್. ಅದರೊಳಗೆ ನಿಂತು ಹಾಕಿದರೆ ಮಾತ್ರ ಗೋಲು. ಹಾಕುವ ಹಕ್ಕು ಇರೋದೂ ಇಬ್ಬರಿಗೇ: ಗೋಲ್ ಶೂಟರ್, ಗೋಲ್ ಅಟ್ಯಾಕ್. ಅವರನ್ನು ಕಾಯೋದಕ್ಕೆ ಎದುರು ಕಡೆಯ ಇಬ್ಬರು: ಗೋಲ್ ಕೀಪರ್, ಗೋಲ್ ಡಿಫೆನ್ಸ್. ಚೆಂಡು ನೆಲಕ್ಕೆ ಬಡಿದುಕೊಂಡು ಓಡುವ ಹಾಗಿಲ್ಲ. ಕೈಗೆ ಬಂದ ಚೆಂಡನ್ನು ಮೂರು ಸೆಕೆಂಡಿನೊಳಗೆ ಬಿಡಬೇಕು.

ಗೋಲ್ ಕೀಪರ್ ಅಂದ ತಕ್ಷಣ ಫುಟ್‌ಬಾಲಿನವನನ್ನು ನೆನೆಯಬೇಡಿ. ಅವನಿಗೆ ಕೈ ಬಳಸುವ ವಿಶೇಷ ಹಕ್ಕಿದೆ, ಗ್ಲೌಸು ಇದೆ. ನೆಟ್‌ಬಾಲಿನ ಕೀಪರಿಗೆ ಯಾವ ವಿಶೇಷ ಹಕ್ಕೂ ಇಲ್ಲ. ಇರೋದು ಗಡಿ ಒಂದೇ. ತನ್ನ ಕೊನೆಯ ಮೂರನೇ ಪಾಲು ಬಿಟ್ಟು ಅವಳು ಹೊರಗೆ ಕಾಲಿಡುವ ಹಾಗಿಲ್ಲ. ಅವಳ ತಂಡದವರು ಆ ಕಡೆ ಗೋಲು ಹಾಕಿ ಕುಣಿಯುತ್ತಿದ್ದರೆ ಅವಳು ಈ ಕಡೆ ಒಬ್ಬಳೇ ನಿಂತು ನೋಡಬೇಕು.

ನಮ್ಮ ಕಂಬ, ರಿಂಗು ಮಾಡಿದ್ದು ಸಂತೆ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ. ಬುಡಕ್ಕೆ ಹಳೇ ಟೈರಿಗೆ ಸಿಮೆಂಟು ತುಂಬಿ ನಿಲ್ಲಿಸಿದ್ದರು. ಸುಣ್ಣದ ಪುಡಿಯಲ್ಲಿ ಗೆರೆ. ಮೊದಲ ದಿನ ಮೇಷ್ಟ್ರು ಜಾಗ ಹಂಚಿದರು. ಎತ್ತರದೋಳು ಶೂಟರ್. ಚುರುಕಾಗಿ ಓಡೋಳು ಸೆಂಟರ್. ಹೀಗೆ ಹಂಚಿ ಹಂಚಿ ಕೊನೆಗೆ ಒಂದು ಬಟ್ಟೆ ಉಳಿಯಿತು. ಅದರ ಮೇಲೆ ಜಿ.ಕೆ. ಅಂತ ಇಂಕಿನಲ್ಲಿ ಬರೆದಿತ್ತು. ಉಳಿದಿದ್ದ ಹುಡುಗಿಯೂ ಒಬ್ಬಳೇ. ಐದಡಿ ಒಂದಿಂಚು. ಕಾಲಲ್ಲಿ ಚಪ್ಪಲಿಯೂ ಇಲ್ಲ. ನಮ್ಮ ಕೀಪರ್ ಆಯ್ಕೆಯಾದದ್ದು ಹೀಗೆ. ಉಳಿದ ಬಟ್ಟೆ ಉಳಿದವಳಿಗೆ.

ಮೊದಮೊದಲು ಅವಳಿಗೂ ಬೇಜಾರು. ‘ನಾನೇನ್ ಮಾಡ್ಲಿ ಸಾ? ಹಾಕಂಗಿಲ್ಲ, ಓಡಂಗಿಲ್ಲ, ಮುಟ್ಟಂಗಿಲ್ಲ’ ಅಂದಳು.

ಮುಟ್ಟಂಗಿಲ್ಲ ಅನ್ನೋದು ನಿಜ. ಇದು ಮುಟ್ಟಿದರೆ ತಪ್ಪಾಗುವ ಆಟ. ನಿನ್ನ ಮೈ ತಾಗಿ ಅವಳ ಆಟಕ್ಕೆ ಅಡ್ಡಿಯಾದರೆ ಸೀಟಿ. ಇನ್ನೊಂದು ನಿಯಮ ಅದಕ್ಕಿಂತ ಕಷ್ಟದ್ದು. ಚೆಂಡು ಹಿಡಿದವಳ ಮುಂದೆ ಕೈ ಎತ್ತಿ ತಡೆಯಬೇಕಾದರೆ ಮೂರಡಿ ದೂರ ಇರಬೇಕು. ಪುಸ್ತಕದ ಲೆಕ್ಕ 0.9 ಮೀಟರ್. ಚೆಂಡು ಹಿಡಿದು ಅವಳು ಮೊದಲು ಊರಿದ ಕಾಲಿಗೂ ನಿನ್ನ ಹತ್ತಿರದ ಕಾಲಿಗೂ ನೆಲದ ಮೇಲಿನ ಅಳತೆ ಅದು. ಆಮೇಲೆ ಅವಳೇ ಇನ್ನೊಂದು ಹೆಜ್ಜೆ ಮುಂದಿಟ್ಟು ಅಂತರ ಕಡಿಮೆಯಾದರೆ ತಪ್ಪು ನಿನ್ನದಲ್ಲ, ಅಳತೆ ಮೊದಲಿನ ಜಾಗದಿಂದಲೇ.

ಮೇಷ್ಟ್ರು ಇದನ್ನು ಹೇಳುತ್ತಿದ್ದಾಗ ನಮ್ಮಲ್ಲೊಬ್ಬಳು ಬಾಯಿ ತಪ್ಪಿ ಅಂದುಬಿಟ್ಟಳು: ‘ದೂರ ನಿಂತ್ಕಳದ ನಮ್ಗೂ ಹೇಳ್ಕೊಡ್ಬೇಕಾ ಸಾ?’

ನಾವು ನಕ್ಕೆವು. ನಕ್ಕವರೇ ಸುಮ್ಮನಾದೆವು. ಹೋಟೆಲಿನ ಹೊರಗೆ, ಗುಡಿಯ ಹೊರಗೆ ನಿಂತ ತಾತಂದಿರ ಮೊಮ್ಮಕ್ಕಳು ನಮ್ಮಲ್ಲಿ ನಾಲ್ವರಿದ್ದೆವು. ಮೇಷ್ಟ್ರು ಸ್ವಲ್ಪ ಹೊತ್ತು ಪುಸ್ತಕವನ್ನೇ ನೋಡುತ್ತಿದ್ದು ಆಮೇಲೆ ಹೇಳಿದರು: ‘ಈ ಮೂರಡಿ ಇಬ್ರಿಗೂ ಒಂದೇ ಕಣವ್ವ. ಚೆಂಡು ನಿನ್ನ ಕೈಲಿದ್ರೆ ಅವ್ಳೂ ಮೂರಡಿ ಆಚೆ ನಿಂತ್ಕಬೇಕು.’ ಆ ಮಾತು ನಮ್ಮ ಕೀಪರಿಗೆ ನಾಟಿತು ಅಂತ ಕಾಣುತ್ತದೆ. ಅವತ್ತಿನಿಂದ ಅವಳು ಗೊಣಗಲಿಲ್ಲ.

ಮೂರಡಿ ಕಣ್ಣಳತೆಗೆ ಬರಬೇಕಲ್ಲ. ಮೇಷ್ಟ್ರು ಕಬ್ಬಿನ ಗದ್ದೆಯಿಂದ ಒಂದು ಜಲ್ಲೆ ತರಿಸಿ ಟೇಪು ಹಿಡಿದು ಮೂರಡಿಗೆ ಕಡಿದರು. ಒಬ್ಬಳು ಚೆಂಡು ಹಿಡಿದು ನಿಲ್ಲೋದು, ಕೀಪರ್ ಹಿಂದಕ್ಕೆ ಜಿಗಿದು ನಿಲ್ಲೋದು, ಇನ್ನೊಬ್ಬಳು ಮಧ್ಯೆ ಜಲ್ಲೆ ಇಟ್ಟು ನೋಡೋದು. ನೂರು ಸಲ. ಸಂಜೆಗೆ ಅಳತೆಗೋಲನ್ನು ನಾವೇ ತಿಂದು ಮುಗಿಸುತ್ತಿದ್ದೆವು. ಮಾರನೇ ದಿನ ಹೊಸ ಜಲ್ಲೆ.

ಹಿಂದಕ್ಕೆ ಹೆಜ್ಜೆ ಇಡೋದರಲ್ಲಿ ಅವಳನ್ನು ಯಾರೂ ಮೀರಿಸಲಿಲ್ಲ. ಕಾರಣ ಆಟವಲ್ಲ. ನಾಟಿ ಹಾಕುವ ಹೆಂಗಸರು ಮುಂದಕ್ಕೆ ಹೋಗುವುದಿಲ್ಲ, ಹಿಂದಕ್ಕೆ ಹೋಗುತ್ತಾರೆ. ಬಗ್ಗಿದ ಸೊಂಟ, ಕೆಸರಿನಲ್ಲಿ ಕಾಲು, ಹಿಂದೆ ನೋಡದೆ ಒಂದೊಂದೇ ಹೆಜ್ಜೆ. ಪಕ್ಕದವಳಿಗೆ ತಾಗಬಾರದು, ಸಾಲೂ ತಪ್ಪಬಾರದು. ನಮ್ಮ ಕೀಪರ್ ಹತ್ತು ವರ್ಷದಿಂದ ಅವರವ್ವನ ಜೊತೆ ಗದ್ದೆಗೆ ಇಳಿದವಳು. ಪುಸ್ತಕದಲ್ಲಿ ಹೇಳಿದ್ದ ಮಂಡಿ ಮಡಿಸಿ, ಪಾದದ ಮುಂಭಾಗದ ಮೇಲೆ ಭಾರ ಹಾಕಿ, ಪುಟ್ಟ ಪುಟ್ಟ ಹೆಜ್ಜೆ ಅನ್ನೋದೆಲ್ಲ ಅವಳ ಮೈಗೆ ಮೊದಲೇ ಗೊತ್ತಿತ್ತು.

ಇನ್ನುಳಿದದ್ದನ್ನು ನಾವು ಬಿದ್ದು ಎದ್ದು ಕಲಿತೆವು. ಹಳ್ಳಿ ಶಾಲೆಯ ಮೇಷ್ಟ್ರು, ಟೀಚರುಗಳು ಇದನ್ನು ಓದಿದರೆ ಅವರ ಮಕ್ಕಳಿಗೆ ಉಪಯೋಗಕ್ಕೆ ಬರಲಿ ಅಂತ ಬಿಡಿಸಿ ಹೇಳುತ್ತೇವೆ.

ಕೀಪರಿನ ಕೆಲಸ ಶೂಟರ್ ಚೆಂಡು ಹಿಡಿದ ಮೇಲೆ ಶುರುವಾಗುತ್ತದೆ ಅಂತ ನಾವು ತಿಳಿದಿದ್ದೆವು. ಅದು ತಪ್ಪು. ಅಷ್ಟು ಹೊತ್ತಿಗೆ ಮುಕ್ಕಾಲು ಕೆಲಸ ಮುಗಿದಿರಬೇಕು. ಕಂಬದ ಬುಡದಲ್ಲಿ ಚೆಂಡು ಸಿಕ್ಕ ಶೂಟರನ್ನು ಮೂರಡಿ ದೂರದಿಂದ ಯಾರೂ ತಡೆಯಲಾರರು. ಆದ್ದರಿಂದ ಮೊದಲ ಕೆಲಸ, ಆ ಒಳ್ಳೆ ಜಾಗ ಅವಳಿಗೆ ಸಿಗದ ಹಾಗೆ ನೋಡಿಕೊಳ್ಳೋದು. ಅವಳಿಗಿಂತ ಮೊದಲೇ ಆ ಜಾಗಕ್ಕೆ ಹೋಗಿ ನಿಲ್ಲಬೇಕು. ನಿಂತವಳಿಗೆ ಜಾಗ ಸೇರಿದ್ದು. ಅವಳು ಬಂದು ಗುದ್ದಿದರೆ ತಪ್ಪು ಅವಳದು. ಅವಳು ಓಡಿ ಬರುತ್ತಿರುವಾಗ ಕೊನೇ ಗಳಿಗೆಯಲ್ಲಿ ಅಡ್ಡ ನುಗ್ಗಿದರೆ ತಪ್ಪು ನಿನ್ನದು. ವ್ಯತ್ಯಾಸ ಅರ್ಧ ಹೆಜ್ಜೆಯದು. ಆದರೆ ಪಂದ್ಯವೆಲ್ಲ ಆ ಅರ್ಧ ಹೆಜ್ಜೆಯಲ್ಲೇ ಇರುತ್ತದೆ. ಶೂಟರನ್ನು ಸರ್ಕಲ್ಲಿನ ಅಂಚಿಗೆ ತಳ್ಳಿದಷ್ಟೂ, ಅಂದರೆ ಕೈಯಿಂದಲ್ಲ, ಜಾಗ ಹಿಡಿದು ತಳ್ಳಿದಷ್ಟೂ, ಅವಳ ಗುರಿ ಕೆಡುತ್ತದೆ.

ಎರಡನೆಯದು ಕಣ್ಣು. ಶೂಟರಿಗೆ ಪೂರ್ತಿ ಎದುರಾಗಿ ನಿಂತರೆ ಚೆಂಡು ಕಾಣುವುದಿಲ್ಲ. ಪೂರ್ತಿ ಬೆನ್ನು ಹಾಕಿ ನಿಂತರೆ ಆಳು ಕಾಣುವುದಿಲ್ಲ. ಓರೆಯಾಗಿ ನಿಲ್ಲಬೇಕು. ಕುತ್ತಿಗೆ ತಿರುಗಿಸಿದರೆ ಸಾಕು, ಎರಡೂ ಕಾಣಬೇಕು. ಚೆಂಡು ಇನ್ನೂ ಬಾರದ ಶೂಟರಿನ ಹತ್ತಿರ ಎಷ್ಟು ಬೇಕಾದರೂ ಹತ್ತಿರ ನಿಲ್ಲಬಹುದು. ಮೈ ತಾಗಬಾರದು, ಕೈ ಚಾಚಬಾರದು, ಅಷ್ಟೆ.

ಮೂರನೆಯದು, ಅವಳ ಕೈಗೆ ಚೆಂಡು ಬಂದಾಗ. ತಕ್ಷಣ ಹಿಂದಕ್ಕೆ ಮೂರಡಿ. ಆಮೇಲೆ ಕಾಲು ಊರಿದಲ್ಲೇ ಇಟ್ಟು ಮೈಯನ್ನು ಮುಂದಕ್ಕೆ ವಾಲಿಸಿ ಕೈಯನ್ನು ಚೆಂಡಿನ ಮೇಲಕ್ಕೆ ಚಾಚಬೇಕು. ಬಾವಿಯ ಕಟ್ಟೆ ಮೇಲಿಂದ ಬಗ್ಗಿ ಹಗ್ಗ ಹಿಡಿಯುವ ಹಾಗೆ. ಬೇಗ ವಾಲಿದರೆ ಬ್ಯಾಲೆನ್ಸು ತಪ್ಪಿ ಕಾಲು ಮುಂದೆ ಬೀಳುತ್ತದೆ, ಸೀಟಿ. ತಡವಾಗಿ ವಾಲಿದರೆ ಚೆಂಡು ಹೋಗಿಯೇ ಬಿಟ್ಟಿರುತ್ತದೆ. ಚೆಂಡು ಕೈ ಬಿಟ್ಟ ಮೇಲೆ ಕತ್ತೆತ್ತಿ ನೋಡುತ್ತಾ ನಿಲ್ಲಬಾರದು. ತಿರುಗಿ, ಶೂಟರಿಗೂ ಕಂಬಕ್ಕೂ ಮಧ್ಯೆ ಬೆನ್ನು ಕೊಟ್ಟು ಜಾಗ ಕಟ್ಟಬೇಕು. ಹಲಗೆ ಇಲ್ಲದ ರಿಂಗು, ಚೆಂಡು ಯಾವ ಕಡೆಗಾದರೂ ಬೀಳಬಹುದು. ಒಬ್ಬಳು ವಾಲಿದಾಗ ಜೊತೆಗಾತಿ ಗೋಲ್ ಡಿಫೆನ್ಸ್ ಕಂಬದ ಹತ್ತಿರ ಕಾದಿರಬೇಕು. ಒಬ್ಬಳದು ಕೈ, ಇನ್ನೊಬ್ಬಳದು ಜಾಗ.

ನಾಲ್ಕನೆಯದು ಬಾಯಿ. ಸುಮ್ಮನಿರುವ ಕೀಪರ್ ಅರ್ಧ ಕೀಪರ್. ಇಡೀ ಆಟ ಅವಳ ಕಣ್ಣೆದುರಿಗೆ ನಡೆಯುತ್ತಿರುತ್ತದೆ. ಮುಂದಿನವರಿಗೆ ಅವರ ಬೆನ್ನ ಹಿಂದಿನದು ಕಾಣುವುದಿಲ್ಲ. ‘ಬಲಕ್ಕೆ ಬಂದ್ಳು’, ‘ನಿಂದು ನಂಗೆ, ನಂದು ನಿಂಗೆ’ ಅಂತ ಕೂಗಿ ಹೇಳುತ್ತಿರಬೇಕು. ಮನೆಯಲ್ಲಿ, ಬೀದಿಯಲ್ಲಿ ‘ಮೆಲ್ಲಗೆ ಮಾತಾಡಮ್ಮಿ’ ಅನ್ನಿಸಿಕೊಂಡು ಬೆಳೆದ ನಮಗೆ ಇದೇ ಎಲ್ಲಕ್ಕಿಂತ ಕಷ್ಟವಾದದ್ದು. ಗಂಟಲು ಬಿಡಿಸೋದಕ್ಕೆ ಹದಿನೈದು ದಿನ ಹಿಡಿಯಿತು.

ಜುಲೈ, ಆಗಸ್ಟು ನಾಟಿ ಕಾಲ. ಕೀಪರ್ ಸಂಜೆ ಪ್ರಾಕ್ಟೀಸಿಗೆ ನಿಂತರೆ ಮನೆಗೆ ಅರ್ಧ ದಿನದ ಕೂಲಿ ಖೋತಾ. ಅವಳ ಅವ್ವ ಒಂದು ದಿನ ಸ್ಕೂಲಿನ ಗೇಟಿಗೇ ಬಂದರು. ಜಗಳಕ್ಕೆ ಬಂದವರಲ್ಲ. ‘ಸಾ, ಈ ಆಟ್ದಿಂದ ಏನಾಯ್ತದೆ ಅಂತ ಹೇಳ್ಬುಡಿ, ಬುಟ್ಟೋಯ್ತೀನಿ’ ಅಂದರು. ಮೇಷ್ಟ್ರು ಸರ್ಟಿಫಿಕೇಟಿನ ಮಾತು ಹೇಳಿದರು, ಮುಂದಿನ ಓದಿನ ಮಾತು ಹೇಳಿದರು. ಅವ್ವ ನಂಬಿದರೋ ಇಲ್ಲವೋ. ಪ್ರಾಕ್ಟೀಸು ಮಾತ್ರ ಬೆಳಗಿನ ಆರು ಗಂಟೆಗೆ ಬದಲಾಯಿತು. ಅವಳೊಬ್ಬಳಿಗಾಗಿ ನಾವು ಏಳೂ ಜನ ಕತ್ತಲಲ್ಲಿ ಎದ್ದೆವು.

ಸೆಪ್ಟೆಂಬರಿನಲ್ಲಿ ಜಿಲ್ಲಾ ಮಟ್ಟ. ಎದುರಿಗೆ ಪೇಟೆಯ ಒಂದು ದೊಡ್ಡ ಶಾಲೆ. ಅವರ ಶೂಟರ್ ನಮ್ಮ ಕೀಪರಿಗಿಂತ ಒಂದು ಗೇಣು ಎತ್ತರ. ಕಂಬದ ಬುಡದಲ್ಲಿ ನಿಂತು ಕೈ ಎತ್ತುತ್ತಿದ್ದಳು, ಅವರ ಸೆಂಟರ್ ಅಲ್ಲಿಂದಲೇ ಎಸೆಯುತ್ತಿದ್ದಳು. ನಮ್ಮವಳು ಹಿಂದೆ ನಿಂತಿದ್ದಳು. ಹಿಂದಿನಿಂದ ಚೆಂಡಿಗೆ ಕೈ ಹಾಕಲು ಹೋದಾಗಲೆಲ್ಲ ಆ ಹುಡುಗಿಯ ಮೊಣಕೈಗೆ ತಾಗುತ್ತಿತ್ತು. ಸೀಟಿ. ಪೆನಾಲ್ಟಿ ಆದರೆ ತಪ್ಪು ಮಾಡಿದವಳು ಶೂಟರ್ ಪಕ್ಕದಲ್ಲಿ ಸುಮ್ಮನೆ ನಿಲ್ಲಬೇಕು. ಚೆಂಡು ಅವಳ ಕೈ ಬಿಡುವ ತನಕ ಅಲ್ಲಾಡುವ ಹಾಗಿಲ್ಲ. ಸುತ್ತ ಕೂತ ಜನರೆಲ್ಲ ನೋಡುತ್ತಿರುವಾಗ ಹಾಗೆ ನಿಲ್ಲೋದು ಇದೆಯಲ್ಲ, ಅದು ಬೆಂಚಿನ ಮೇಲೆ ನಿಲ್ಲಿಸಿದ ಹಾಗೆ. ಅರ್ಧ ಆಟಕ್ಕೆ 11–5. ನಾವು ಹಿಂದೆ.

ನೀರು ಕುಡಿಯುವಾಗ ಅವಳೇ ಕೇಳಿದಳು: ‘ಸಾ, ನಾನು ಅವಳ ಮುಂದುಕ್ಕೆ ಬಂದ್ಬುಟ್ರೆ?’

ಮೇಷ್ಟ್ರು ಹೆದರಿದರು. ಕೀಪರ್ ಮುಂದೆ ಬಂದರೆ ಶೂಟರಿನ ಹಿಂದಿನ ಜಾಗ ಖಾಲಿ. ತಲೆ ಮೇಲಿಂದ ಎಸೆದರೆ ಮುಗಿಯಿತು. ಅವಳು ಅಂದಳು, ‘ತಲೆ ಮ್ಯಾಲಿಂದ ಎಸೀಬೇಕಾದ್ರೆ ಚೆಂಡ ಎತ್ತುಕ್ಕೆ ಎಸೀಬೇಕು. ಎತ್ತುಕ್ಕೋದ ಚೆಂಡು ತಡ್ವಾಗಿ ಬೀಳ್ತದೆ. ಅಷ್ಟೊತ್ಗೆ ಇವ್ಳು ಬತ್ತಾಳೆ.’ ಇವಳು ಅಂದರೆ ನಮ್ಮ ಗೋಲ್ ಡಿಫೆನ್ಸ್.

ಅದೇ ಸರಿ. ಆಮೇಲೆ ನಾವು ತಿಳಿದುಕೊಂಡದ್ದು, ಎತ್ತರದ ಶೂಟರಿನ ಎದುರು ಗಿಡ್ಡ ಕೀಪರಿಗೆ ಇರುವ ಒಳ್ಳೆ ದಾರಿಗಳಲ್ಲಿ ಅದು ಒಂದು. ಮುಂದೆ ನಿಂತರೆ ನೇರ ಪಾಸು ಸತ್ತುಹೋಗುತ್ತದೆ. ಎತ್ತರದ ಪಾಸು ಒಂದಿಷ್ಟು ಹೆಚ್ಚಾದರೆ ಹಿಂದಿನ ಗೆರೆ ದಾಟಿ ಹೊರಗೆ ಹೋಗುತ್ತದೆ. ಎಸೆಯುವವಳ ಮುಂದೆ ನಮ್ಮ ಸೆಂಟರ್, ವಿಂಗ್ ಡಿಫೆನ್ಸ್ ಮೂರಡಿಯಲ್ಲಿ ಕೈ ಎತ್ತಿ ನಿಂತರೆ ಆ ಪಾಸು ಇನ್ನೂ ಕೆಡುತ್ತದೆ. ಅಂದರೆ ಕೀಪರ್ ಒಬ್ಬಳು ಜಾಗ ಬದಲಿಸಿದರೆ ಸಾಲದು, ಅವಳ ಬೆನ್ನಿಗೆ ಮೂವರು ನಿಲ್ಲಬೇಕು.

ಮೂರನೇ ಕ್ವಾರ್ಟರಿನಲ್ಲಿ ಆ ಶೂಟರಿಗೆ ಚೆಂಡೇ ಸಿಗಲಿಲ್ಲ. ಅವಳು ಆಚೆ ಸರಿದರೆ ನಮ್ಮವಳ ಕಾಲು ಅಲ್ಲಿ, ಈಚೆ ಸರಿದರೆ ಇಲ್ಲಿ. ಒಂದು ಸಲ ನಮ್ಮವಳು ಬೇಕೆಂದೇ ಎರಡು ಹೆಜ್ಜೆ ದೂರ ಸರಿದು ದಾರಿ ಬಿಟ್ಟಳು. ಎಸೆಯುವವಳು ನಂಬಿ ನೇರ ಎಸೆದಳು. ಚೆಂಡು ಅರ್ಧ ದಾರಿಯಲ್ಲಿ ಇರುವಾಗಲೇ ನಮ್ಮವಳು ಬಂದು ಹಿಡಿದಿದ್ದಳು. ಅಂಥವು ಎಷ್ಟಾದವು ಅಂತ ಕೇಳಬೇಡಿ. ಅದನ್ನೇ ಮುಂದೆ ಹೇಳುತ್ತೇವೆ.

15–15 ಆಯಿತು. ಕೊನೆಯ ನಿಮಿಷ. ಹೇಗೋ ಶೂಟರಿಗೆ ಒಂದು ಚೆಂಡು ಸಿಕ್ಕಿತು, ಸರ್ಕಲ್ಲಿನ ಅಂಚಿನಲ್ಲಿ. ದೂರದ ಗುರಿ. ನಮ್ಮವಳು ಒಂದು ಗಳಿಗೆ ಬೇಗ ವಾಲಿದಳು. ಬಲಗಾಲು ತಡೆಯಲಿಲ್ಲ, ಮೂರಡಿಯೊಳಗೆ ಬಿತ್ತು. ಸೀಟಿ. ಅವಳು ಪಕ್ಕದಲ್ಲಿ ನಿಂತಳು, ಆ ಹುಡುಗಿ ಹಾಕಿದಳು. 16–15. ಸೋತದ್ದು ಯಾರ ಮೋಸದಿಂದಲೂ ಅಲ್ಲ, ಅಂಪೈರ್ ಹೇಳಿದ್ದು ಸರಿಯಾಗೇ ಇತ್ತು. ಅಷ್ಟು ಹೊತ್ತು ಅಳತೆ ತಪ್ಪದ ಕಾಲು ಒಂದು ಸಲ ತಪ್ಪಿತು. ಊರಿಗೆ ಬರುವ ಬಸ್ಸಿನಲ್ಲಿ ಎಲ್ಲರಿಗೂ ಆ ಒಂದು ಸಲವೇ ನೆನಪು.

ಮನೆಯಲ್ಲಿ ಅವ್ವ ಕೇಳಿದರಂತೆ: ‘ಎಷ್ಟಾಕ್ದವ್ವ?’

‘ಒಂದೂ ಇಲ್ಲ. ನಾನು ಹಾಕಂಗಿಲ್ಲ ಕಣವ್ವ, ತಡೀಬೇಕು.’

‘ಎಷ್ಟ್ ತಡದೆ?’

ಅವಳಿಗೆ ಗೊತ್ತಿರಲಿಲ್ಲ. ನಮಗೂ ಗೊತ್ತಿರಲಿಲ್ಲ. ಮೇಷ್ಟ್ರ ಸ್ಕೋರ್ ಶೀಟು ತೆಗೆದು ನೋಡಿದೆವು. ಶೂಟರ್ ಹಾಕಿದ್ದು ಎಷ್ಟು, ತಪ್ಪಿದ್ದು ಎಷ್ಟು, ಎಲ್ಲ ಗೀಟು ಹಾಕಿ ಬರೆದಿತ್ತು. ಕೀಪರ್ ಹಿಡಿದದ್ದಕ್ಕೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಆ ಮಾತು ಕೇಳಿ ಅವ್ವ ಅಂದದ್ದನ್ನು ಅವಳು ಮಾರನೇ ದಿನ ನಮಗೆ ಹೇಳಿದಳು: ‘ಕಳೆ ಕೀಳೋರ್ದೂ ಅಂಗೇ ಕಣವ್ವ. ಬೆಳೆ ಬಂತು ಅಂತಾರೆ. ಕಳೆ ಬರ್ನಿಲ್ಲ ಅಂತ ಯಾರಂದಾರು?’

ಆವತ್ತಿನಿಂದ ಒಂದು ಏರ್ಪಾಡು ಮಾಡಿಕೊಂಡೆವು. ಹೊರಗೆ ಕೂತ ಹುಡುಗಿಯ ಕೈಗೆ ಒಂದು ಹಿಡಿ ಹುಣಸೆ ಬೀಜ. ಕೀಪರ್ ಒಂದು ಪಾಸು ಹಿಡಿದರೆ ಒಂದು ಬೀಜ ಎಡ ಜೇಬಿಗೆ. ಗುರಿ ತಪ್ಪಿದ ಚೆಂಡನ್ನು ಕಂಬದ ಬುಡದಲ್ಲಿ ಹಿಡಿದರೆ ಇನ್ನೊಂದು. ಸೀಟಿ ಊದಿಸಿಕೊಂಡರೆ ಬಲ ಜೇಬಿಗೆ. ಆಟ ಮುಗಿದ ಮೇಲೆ ಎರಡೂ ಜೇಬು ಸುರಿದು ಎಣಿಸುತ್ತಿದ್ದೆವು. ಮುಂದಿನ ವರ್ಷ ಒಂದು ಪಂದ್ಯದಲ್ಲಿ ಎಡ ಜೇಬಿನಲ್ಲಿ ಹದಿನಾಲ್ಕು, ಬಲ ಜೇಬಿನಲ್ಲಿ ಮೂರು. ಆ ಹದಿನಾಲ್ಕು ಬೀಜವನ್ನು ಅವಳು ಅವ್ವನಿಗೆ ಕೊಟ್ಟಳು. ಅವ್ವ ಅದನ್ನು ದೀಪದ ಗೂಡಿನಲ್ಲಿ ಇಟ್ಟಿದ್ದರು.

ಈ ಆಟ ನಮ್ಮದಲ್ಲ. ಅಮೆರಿಕದಲ್ಲಿ 1891ರಲ್ಲಿ ಹುಟ್ಟಿದ ಬಾಸ್ಕೆಟ್‌ಬಾಲನ್ನು ಇಂಗ್ಲೆಂಡಿನ ಹೆಣ್ಣುಮಕ್ಕಳ ಕಾಲೇಜುಗಳಲ್ಲಿ ಬದಲಾಯಿಸಿ ಬದಲಾಯಿಸಿ ಮಾಡಿದ ಆಟ. 1901ರಲ್ಲಿ ನಿಯಮ ಅಚ್ಚಾದವು. ಇಂಗ್ಲಿಷರ ಆಳ್ವಿಕೆಯ ಜೊತೆಗೆ ಅವರ ಶಾಲೆಗಳ ಮೂಲಕ ಜಮೈಕಾ, ನ್ಯೂಜಿಲೆಂಡ್, ಆಫ್ರಿಕಾದ ದೇಶಗಳಿಗೆಲ್ಲ ಹೋಯಿತು. 1963ರಲ್ಲಿ ಇಂಗ್ಲೆಂಡಿನ ಈಸ್ಟ್‌ಬೋರ್ನಿನಲ್ಲಿ ಮೊದಲ ವಿಶ್ವ ಪಂದ್ಯಾವಳಿ ನಡೆದಾಗ ಗೆದ್ದದ್ದು ಆಸ್ಟ್ರೇಲಿಯಾ. ಆಳಿದವರು ಕಲಿಸಿದ ಆಟದಲ್ಲಿ ಆಳಿಸಿಕೊಂಡವರು ಅವರನ್ನೇ ಸೋಲಿಸೋದು ನೋಡೋದಕ್ಕೆ ನಮಗೆ ಒಂದು ಥರ ಖುಷಿ.

ನಾವು ಜಿಲ್ಲೆಯಲ್ಲಿ ಸೋತ ಮುಂದಿನ ತಿಂಗಳೇ, 2010ರ ಅಕ್ಟೋಬರಿನಲ್ಲಿ, ದೆಹಲಿಯ ಕಾಮನ್‌ವೆಲ್ತ್ ಕ್ರೀಡೆಯಲ್ಲಿ ನ್ಯೂಜಿಲೆಂಡಿಗೂ ಆಸ್ಟ್ರೇಲಿಯಾಕ್ಕೂ ಫೈನಲ್ ನಡೆದಿತ್ತು. ನಮಗೆ ಆಗ ಗೊತ್ತೇ ಇರಲಿಲ್ಲ. ಎಷ್ಟೋ ವರ್ಷದ ಮೇಲೆ ಮೊಬೈಲಿನಲ್ಲಿ ನೋಡಿದೆವು. ಹೊತ್ತು ಮುಗಿದರೂ ಸಮ, ಹೆಚ್ಚುವರಿ ಹೊತ್ತು ಮುಗಿದರೂ ಸಮ. ಎರಡು ಗೋಲಿನ ಅಂತರ ಸಿಗುವ ತನಕ ಆಡಿ ನ್ಯೂಜಿಲೆಂಡ್ 66–64ರಲ್ಲಿ ಗೆದ್ದಿತು. ಕೊನೆಯ ಗೋಲು ಹಾಕಿದ ಮರಿಯಾ ಟುಟಾಯಾ ಹೆಸರು ಎಲ್ಲರ ಬಾಯಲ್ಲಿ. 2018ರಲ್ಲಿ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟಿನಲ್ಲಿ ಇಂಗ್ಲೆಂಡ್ 52–51ರಲ್ಲಿ ಆಸ್ಟ್ರೇಲಿಯಾವನ್ನು ಸೋಲಿಸಿದಾಗಲೂ ಕೊನೆಯ ಕ್ಷಣದ ಗೋಲು ಹಾಕಿದ ಹೆಲೆನ್ ಹೌಸ್ಬಿಯನ್ನೇ ಜನ ನೆನೆಯುತ್ತಾರೆ. ನಾವು ನೋಡಿದ್ದು ಅವರ ಗೋಲ್ ಕೀಪರ್ ಜೀವಾ ಮೆಂಟರ್ ಕಾಲನ್ನು. ಜಮೈಕಾದ ಕೀಪರ್ ಶಮೇರಾ ಸ್ಟರ್ಲಿಂಗ್ ಆಟ ನೋಡಿದಾಗಂತೂ ನಮ್ಮಲ್ಲೊಬ್ಬಳು ಎದ್ದು ನಿಂತುಬಿಟ್ಟಳು. ದೂರ ಸರಿದು ದಾರಿ ಬಿಟ್ಟ ಹಾಗೆ ನಿಲ್ಲೋದು, ಪಾಸು ಹೊರಟ ಮೇಲೆ ಎಲ್ಲಿಂದಲೋ ಬಂದು ಹಿಡಿಯೋದು. ‘ಇದ ನಮ್ಮೋಳು ಮಾಡಿದ್ಲು ಕಣ್ರಮ್ಮಿ’ ಅಂದಳು. ಜಮೈಕಾ 2022ರ ಬರ್ಮಿಂಗ್‌ಹ್ಯಾಮ್ ಫೈನಲ್ ತನಕ ಹೋಗಿ ಆಸ್ಟ್ರೇಲಿಯಾಕ್ಕೆ 55–51ರಲ್ಲಿ ಸೋತಿತು. ಬೆಳ್ಳಿ ಪದಕ.

ಈಗ ನಾವು ಏಳು ಜನ ಏಳು ದಿಕ್ಕು. ಇಬ್ಬರು ಗಾರ್ಮೆಂಟ್ಸಿಗೆ ಹೋಗುತ್ತೇವೆ. ಒಬ್ಬಳು ಅಂಗನವಾಡಿ. ಒಬ್ಬಳು ಪೊಲೀಸ್. ಇಬ್ಬರಿಗೆ ಮನೆ, ಹೊಲ, ಮಕ್ಕಳು. ಕೀಪರ್ ಓದಿದಳು. ಸರ್ಟಿಫಿಕೇಟಿನಿಂದಲೋ ಹಟದಿಂದಲೋ ಹೇಳಲಾರೆವು. ಈಗ ಒಂದು ಹಳ್ಳಿ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಭಾನುವಾರ ಮಕ್ಕಳಿಗೆ ಆಟ ಕಲಿಸುತ್ತಾಳೆ. ಜಾಗ ಹಂಚುವಾಗ ಮೊದಲು ಎತ್ತೋದು ಜಿ.ಕೆ. ಬಟ್ಟೆ. ‘ಇದು ಯಾರಿಗೆ ಬೇಕು?’ ಅಂತ ಕೇಳುತ್ತಾಳೆ. ಯಾರಾದರೂ ಕೈ ಎತ್ತುವ ತನಕ ಕಾಯುತ್ತಾಳೆ.

ಹಳ್ಳಿ ಶಾಲೆಯ ಗೆಳೆಯರೇ, ನಮ್ಮದೊಂದೇ ಕೋರಿಕೆ. ನಿಮ್ಮ ಸ್ಕೋರ್ ಶೀಟಿನಲ್ಲಿ ಕೈಯಲ್ಲೇ ಒಂದು ಗೆರೆ ಎಳೆದು ತಡೆದವರಿಗೂ ಒಂದು ಸಾಲು ಮಾಡಿ. ಹಿಡಿದದ್ದು ಎಷ್ಟು, ತಪ್ಪಿದ್ದು ಎಷ್ಟು, ಎರಡನ್ನೂ ಬರೆಯಿರಿ. ಕಾಗದ ಇಲ್ಲದಿದ್ದರೆ ಹುಣಸೆ ಬೀಜ ಸಾಕು. ಸಂಜೆ ಮನೆಗೆ ಹೋದಾಗ ಅವ್ವ ಎಷ್ಟು ಅಂತ ಕೇಳುತ್ತಾರೆ. ಹೇಳೋದಕ್ಕೆ ಆ ಮಗುವಿನ ಹತ್ತಿರ ಒಂದು ಲೆಕ್ಕ ಇರಲಿ.